ಕಲ್ಲನ್ನು ಓದುವವರು ಕೆರೆಯನ್ನೂ ಓದಬೇಕು

(ನಮ್ಮ ಒಕ್ಕೂಟವು ಏರ್ಪಡಿಸಿದ್ದ ವಿದ್ಯಾರ್ಥಿಗಳ ಚಾರಣ ಶಿಬಿರದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೆನ್ನಿಗೆ ಚೀಲವೇರಿಸಿ ಹಳೆಯ ಊರುಗಳನ್ನು, ಪಾಳುಬಿದ್ದ ಕೋಟೆಕೊತ್ತಲಗಳನ್ನು ನೋಡಿಬರುವ ಹವ್ಯಾಸವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ಈ ವಿಷಯವನ್ನು ಕೇಳಿದೊಡನೆ ಹಂಪೆ, ಬಾದಾಮಿ, ಹಳೇಬೀಡುಗಳು ನಿಮ್ಮ ಕಣ್ಣಮುಂದೆ ಬಂದಿರಬಹುದು. ನಾನಾದರೋ ನಿಮ್ಮನ್ನು ಇಂದು ಬೆಂಗಳೂರಿನ ಉತ್ತರ ದಿಕ್ಕಿಗೆ ಕರೆದೊಯ್ಯಬೇಕೆಂದಿದ್ದೇನೆ. ಹೆಬ್ಬಾಳದಿಂದ ಹೊರಟು, ಯಲಹಂಕವನ್ನು ದಾಟಿ, ನಂದಿಬೆಟ್ಟದ ಬುಡದವರೆಗೆ ಹೋಗುವ ದಾರಿ ಅದು.

ಇದಕ್ಕೆ ಎರಡು ಕಾರಣಗಳಿವೆ. ಮಲೆನಾಡಿನ ನಮ್ಮ ಮನೆಗಳ ಮಕ್ಕಳಲ್ಲಿ ಬಹಳಷ್ಟು ಮಂದಿ ಇಂದು ಓದಿಗಾಗಿ, ಉದ್ಯೋಗಕ್ಕಾಗಿ ಯಶವಂತಪುರದಲ್ಲೋ, ಆರ್.ಟಿ. ನಗರದಲ್ಲೋ, ಹೆಬ್ಬಾಳದಲ್ಲೋ ಬಾಡಿಗೆ ಕೋಣೆ ಹಿಡಿದು ಬದುಕುತ್ತಿದ್ದಾರೆ. ತಾವು ನಿತ್ಯ ಬಸ್ಸಿಗಾಗಿ ಕಾಯುವ ನೆಲದಡಿಯಲ್ಲಿ ಸಾವಿರಾರು ವರ್ಷಗಳ ಬೇಸಾಯದ ಬದುಕು ಅಡಗಿದೆ ಎಂಬುದು ಅವರಿಗೆ ತಿಳಿಯಬೇಕು. ಎರಡನೆಯ ಕಾರಣ ಇನ್ನೂ ಗಂಭೀರವಾದುದು. ಆ ಊರುಗಳಲ್ಲಿ ಕಲ್ಲಿಗೂ ನೀರಿಗೂ ಏನಾಯಿತೋ ಅದು ಈಗ ನಮ್ಮ ಬೆಟ್ಟಗಳ ಬಾಗಿಲಿಗೆ ಬಂದು ನಿಂತಿದೆ. ಅಲ್ಲಿಯ ಪಾಠವನ್ನು ಕಲಿಯಲು ನಮಗಿನ್ನೂ ಕಾಲಾವಕಾಶವಿದೆ.

ಹೆಬ್ಬಾಳದ ವೀರಗಲ್ಲು

ನಾನು ಕೃಷಿ ವಿಜ್ಞಾನದ ವಿದ್ಯಾರ್ಥಿಯಾಗಿ ಹೆಬ್ಬಾಳವನ್ನು ಬಲ್ಲವನು. ನಮ್ಮ ಪಾಲಿಗೆ ಆ ಊರೆಂದರೆ ಕೃಷಿ ಶಿಕ್ಷಣದ ತವರು. ಮೈಸೂರು ಸಂಸ್ಥಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಕೊಡಮಾಡಿದ 30 ಎಕರೆ ಭೂಮಿಯಲ್ಲಿ 1899ರಲ್ಲಿ ಅಲ್ಲಿ ಪ್ರಾಯೋಗಿಕ ಕೃಷಿಕ್ಷೇತ್ರ ಆರಂಭವಾಯಿತು. ಜರ್ಮನಿಯ ವಿಜ್ಞಾನಿ ಲೆಹ್ಮನ್ ಮೊದಲ ಪ್ರಯೋಗಗಳನ್ನು ನಡೆಸಿದರು. 1913ರಲ್ಲಿ ಕೃಷಿಶಾಲೆ, 1946ರಲ್ಲಿ ಕೃಷಿ ಕಾಲೇಜು, 1960ರ ದಶಕದಲ್ಲಿ ಕೃಷಿ ವಿಶ್ವವಿದ್ಯಾನಿಲಯ ಹೀಗೆ ಅದು ಬೆಳೆಯಿತು. ಆದರೆ ಹೆಬ್ಬಾಳದ ಬೇಸಾಯದ ಚರಿತ್ರೆ 1899ರಿಂದ ಆರಂಭವಾದುದಲ್ಲ.

2018ರಲ್ಲಿ ಹೆಬ್ಬಾಳದಲ್ಲಿ ಚರಂಡಿಯ ಕೆಲಸಕ್ಕಾಗಿ ನೆಲ ಅಗೆಯುತ್ತಿದ್ದಾಗ ಒಂದು ವೀರಗಲ್ಲು ಬೆಳಕಿಗೆ ಬಂದಿತು. ಅಕ್ಷರಗಳ ಸ್ವರೂಪವನ್ನು ಪರಿಶೀಲಿಸಿದ ವಿದ್ವಾಂಸರು ಅದು ಸುಮಾರು ಕ್ರಿ.ಶ. 750ರದೆಂದು, ಗಂಗರ ಅರಸ ಶ್ರೀಪುರುಷನ ಆಳ್ವಿಕೆಯ ಕಾಲದ್ದೆಂದು ನಿರ್ಧರಿಸಿದರು. ಶತ್ರುಗಳು ನಾಡಿನ ಮೇಲೆ ಏರಿಬಂದಾಗ ಹೋರಾಡಿ ಮಡಿದ ಕಿತ್ತಯ್ಯನೆಂಬ ವೀರನ ಸ್ಮಾರಕ ಅದು. ಆ ಶಾಸನದಲ್ಲಿ ಈ ನಾಡಿನ ಹೆಸರು ಪೆರ್ಬೊಳಲ್ ನಾಡು ಎಂದಿದೆ. ಹಿರಿದಾದ ಊರು ಎಂಬುದು ಅದರ ಅರ್ಥ. ಪಾಲು ಹಾಲಾದಂತೆ, ಪೂವು ಹೂವಾದಂತೆ, ಹಳಗನ್ನಡದ ಪಕಾರವು ಹಕಾರವಾಗಿ ಪೆರ್ಬೊಳಲು ಕಾಲಕ್ರಮದಲ್ಲಿ ಹೆಬ್ಬಾಳವಾಯಿತು. ಇಂದು ಮೇಲ್ಸೇತುವೆಯ ವಾಹನದಟ್ಟಣೆಗೆ ಹೆಸರಾದ ಊರು ಸಾವಿರದ ಇನ್ನೂರೈವತ್ತು ವರ್ಷಗಳಿಗೂ ಹಿಂದೆ ತನ್ನದೇ ಹೆಸರಿನ ನಾಡಾಗಿತ್ತು.

ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 9ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದರು. ಅವರು ದಾಖಲಿಸಿದ ಎಷ್ಟೋ ಕಲ್ಲುಗಳು ಈಗ ಆ ಜಾಗಗಳಲ್ಲಿಲ್ಲ. ಕೆಲವು ತಳಪಾಯದ ಕಲ್ಲುಗಳಾಗಿವೆ, ಕೆಲವು ರಸ್ತೆಯಡಿ ಹುಗಿದುಹೋಗಿವೆ, ಕೆಲವು ಒಡೆದುಹೋಗಿವೆ. ಉಳಿದವನ್ನು ಉಳಿಸಿಕೊಳ್ಳಲು ಮುಂದಾದವರು ಹವ್ಯಾಸಿಗಳು. ಅವರು ವಾರದ ರಜೆಯಲ್ಲಿ ಚೀಲ ಹೊತ್ತು, ಹಳೆಯ ಸಂಪುಟವನ್ನು ಕೈಯಲ್ಲಿ ಹಿಡಿದು, ಕಲ್ಲೊಂದೊಂದನ್ನೂ ಹುಡುಕಿಕೊಂಡು ಬೀದಿಬೀದಿ ನಡೆದರು. ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದ ಈ ಶಾಸನಗಳನ್ನು ಮೂರು ಆಯಾಮಗಳಲ್ಲಿ ಗಣಕೀಕರಿಸುವ ಕೆಲಸವನ್ನು ಕೈಗೊಂಡಿದೆ. ಕಿತ್ತಯ್ಯನ ಕಲ್ಲಿಗೂ ಆಸಕ್ತರ ಶ್ರಮದಿಂದ ಒಂದು ಮಂಟಪದ ಆಶ್ರಯ ದೊರೆತಿದೆ. ಚಾರಣವೆಂದರೆ ನೋಡಿ ಬರುವುದಷ್ಟೇ ಆಗಬೇಕಾಗಿಲ್ಲ, ಕಾಯುವ ಕೆಲಸವೂ ಆಗಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಶಾಸನವು ಬೇಸಾಯದ ದಾಖಲೆ

ಶಾಸನಗಳೆಂದರೆ ರಾಜರ ಬಿರುದಾವಳಿಗಳೆಂದು ಅನೇಕರು ಭಾವಿಸುತ್ತಾರೆ. ಬಿರುದುಗಳನ್ನು ದಾಟಿ ಮುಂದೆ ಓದಿದರೆ ಕೃಷಿ ವಿಜ್ಞಾನಿಗೆ ಅಲ್ಲಿ ಪರಿಚಿತ ಪ್ರಪಂಚವೇ ತೆರೆದುಕೊಳ್ಳುತ್ತದೆ. ಗದ್ದೆ ಯಾವುದು, ಬೆದ್ದಲು ಯಾವುದು, ಎಷ್ಟು ಖಂಡುಗದ ಭೂಮಿ, ಮೂಡಲಿಗೆ ಯಾವ ಹಳ್ಳ, ಪಡುವಲಿಗೆ ಯಾವ ಮರ, ಯಾವ ಕೆರೆಯ ಕೋಡಿ ಎಂಬ ವಿವರಗಳು ದಾನಶಾಸನಗಳ ತುಂಬ ಇವೆ. ಖಂಡುಗವೆಂಬುದು ಧಾನ್ಯದ ಅಳತೆ. ಅಷ್ಟು ಬೀಜ ಹಿಡಿಯುವ ನೆಲಕ್ಕೂ ಅದೇ ಅಳತೆ ಸಲ್ಲುತ್ತಿತ್ತು.

ಇವುಗಳಲ್ಲಿ ಎರಡು ಪದಗಳನ್ನು ವಿದ್ಯಾರ್ಥಿಗಳು ಬರೆದಿಟ್ಟುಕೊಳ್ಳಬೇಕು. ಒಂದು, ಬಿತ್ತುವಟ್ಟ. ಕೆರೆಯ ನಿರ್ವಹಣೆಗಾಗಿ ಮೀಸಲಿಟ್ಟ ಭೂಮಿ ಅಥವಾ ಆದಾಯದ ಪಾಲು ಇದು. ಇನ್ನೊಂದು, ಕೊಡಗಿ. ಕೆರೆಯನ್ನು ಕಟ್ಟಿಸಿದವರಿಗೆ ಅಥವಾ ದುರಸ್ತಿ ಮಾಡಿಸಿದವರಿಗೆ ಬಿಟ್ಟುಕೊಟ್ಟ ಮಾನ್ಯಭೂಮಿಯನ್ನು ಹೀಗೆ ಕರೆಯುತ್ತಿದ್ದರು. ಹೂಳೆತ್ತುವುದು, ಏರಿಗೆ ಮಣ್ಣು ಹಾಕುವುದು, ತೂಬನ್ನು ಸರಿಪಡಿಸುವುದು ಇವೆಲ್ಲಕ್ಕೂ ವರ್ಷವರ್ಷವೂ ಹಣ ಬೇಕು, ಆಳು ಬೇಕು ಎಂಬ ಅರಿವು ಆ ಕಾಲದವರಿಗಿತ್ತು. ಕೆರೆ ಕಟ್ಟಿಸಿ ಕೈತೊಳೆದುಕೊಳ್ಳುವುದು ಅವರ ಪದ್ಧತಿಯಾಗಿರಲಿಲ್ಲ. ಆ ಏರ್ಪಾಟನ್ನು ಕೆಡಿಸಿದವನಿಗೆ ಗೋಹತ್ಯೆಯ ಪಾಪ ತಟ್ಟುವುದೆಂಬ ಶಾಪವನ್ನೂ ಕಲ್ಲಿನ ಮೇಲೆ ಕೆತ್ತಿಸುತ್ತಿದ್ದರು.

ಉತ್ತರ ಬೆಂಗಳೂರಿನ ಪ್ರದೇಶಕ್ಕೆ ಈ ಎಚ್ಚರ ಜೀವನ್ಮರಣದ ಪ್ರಶ್ನೆಯಾಗಿತ್ತು. ನಮ್ಮಲ್ಲಿ ಸುರಿಯುವ ಮಳೆಯೊಡನೆ ಹೋಲಿಸಿದರೆ ಅಲ್ಲಿಯ ಮಳೆ ಅಲ್ಪ. ಕೆಳಗೆ ಗಟ್ಟಿಯಾದ ಕಗ್ಗಲ್ಲು, ಮೇಲೆ ಕೆಮ್ಮಣ್ಣು, ವರ್ಷವಿಡೀ ಹರಿಯುವ ನದಿ ಯಾವುದೂ ಇಲ್ಲ. ದಿಣ್ಣೆಯ ಮೇಲೆ ರಾಗಿ, ಅವರೆ, ಹುರುಳಿ, ತಗ್ಗಿನಲ್ಲಿ ಕೆರೆ, ಕೆರೆಯ ಕೆಳಗೆ ಭತ್ತದ ಗದ್ದೆ, ಗದ್ದೆಯ ಬಸಿನೀರು ಮುಂದಿನ ಕೆರೆಗೆ. ಹೀಗೆ ಒಂದರ ಕೋಡಿ ಇನ್ನೊಂದರ ಒಡಲನ್ನು ತುಂಬುವ ಸರಮಾಲೆಯನ್ನು ತಲೆಮಾರುಗಳ ಶ್ರಮ ಕಟ್ಟಿತು. ನೀರನ್ನು ಹಂಚಲು ನೀರುಗಂಟಿಯಿದ್ದ. ಬೇಸಗೆಯಲ್ಲಿ ಕೆರೆಯ ಅಂಗಳದಿಂದ ಗಾಡಿಗಳಲ್ಲಿ ಹೊತ್ತೊಯ್ದ ಗೋಡುಮಣ್ಣು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಹೂಳೆತ್ತುವಿಕೆಗೆ ಪ್ರತ್ಯೇಕ ಯೋಜನೆ ಬೇಕಿರಲಿಲ್ಲ, ರೈತನ ಅಗತ್ಯವೇ ಕೆರೆಯನ್ನು ಆಳಗೊಳಿಸುತ್ತಿತ್ತು.

ಯಲಹಂಕದ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದುದು ಈ ವಿದ್ಯೆಯ ಬಲದಿಂದಲೇ. ಮೇಖ್ರಿ ವೃತ್ತದ ಸಮೀಪದ ಉದ್ಯಾನದಲ್ಲಿ ಅವರ ವಂಶದವರ ಕಾಲದ ಗಡಿಗೋಪುರವೊಂದು ಇಂದಿಗೂ ನಿಂತಿದೆ. ನಗರವು ಆ ಗೋಪುರವನ್ನು ದಾಟಿ ಹೆಬ್ಬಾಳವನ್ನೂ ಯಲಹಂಕವನ್ನೂ ನುಂಗಿತು. ಹೆಬ್ಬಾಳದ ಕೆರೆ, ಜಕ್ಕೂರಿನ ಕೆರೆ, ರಾಚೇನಹಳ್ಳಿಯ ಕೆರೆ ಉಳಿದಿವೆ. ಆದರೆ ಅವುಗಳ ಕೆಳಗಿನ ಗದ್ದೆಗಳಿಲ್ಲ, ನೀರುಗಂಟಿಯಿಲ್ಲ, ಗೋಡುಮಣ್ಣು ಕೊಂಡೊಯ್ಯುವ ಗಾಡಿಯಿಲ್ಲ. ಗದ್ದೆಯಿಲ್ಲದ ಕೆರೆ ನೋಡಲು ಅಂದವಾಗಿದ್ದೀತು, ಆದರೆ ಅದಕ್ಕೆ ತನ್ನವರೆಂಬವರಿಲ್ಲ.

ಯಲಹಂಕದಿಂದ ನಂದಿಯವರೆಗೆ

ಈಗ ದಾರಿಯ ವಿಚಾರಕ್ಕೆ ಬರೋಣ. ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ರೈಲುದಾರಿ 50 ಕಿಲೋಮೀಟರಿಗೂ ಕಡಿಮೆ. 20ನೆಯ ಶತಮಾನದ ಎರಡನೆಯ ದಶಕದಲ್ಲಿ, ಮೈಸೂರು ಸಂಸ್ಥಾನದ ಕಾಲದಲ್ಲಿ ಕಿರಿದಾದ ಹಳಿಗಳ ಮೇಲೆ ಆರಂಭವಾದ ಈ ಮಾರ್ಗ ಈಗ ಅಗಲಹಳಿಗೆ ಪರಿವರ್ತಿತವಾಗಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್ ನಿಲ್ದಾಣಗಳ ಹಳೆಯ ಕಲ್ಲುಕಟ್ಟಡಗಳ ಜೀರ್ಣೋದ್ಧಾರಕ್ಕೆ ಇಂಟ್ಯಾಕ್ ಸಂಸ್ಥೆ ಮುಂದಾಯಿತು. ಸ್ವಂತ ವಾಹನದಲ್ಲಿ ಹೆದ್ದಾರಿಯಲ್ಲಿ ಧಾವಿಸುವವನಿಗೆ ಈ ಊರುಗಳು ಫಲಕಗಳಾಗಿ ಮಾತ್ರ ಕಾಣುತ್ತವೆ. ರೈಲಿನಲ್ಲಿ ಹೋಗಿ, ಇಳಿದು ನಡೆಯುವವನಿಗೆ ಅವು ಊರುಗಳಾಗಿ ಎದುರಾಗುತ್ತವೆ.

ದೇವನಹಳ್ಳಿಯ ಕೋಟೆಯನ್ನು 1501ರಲ್ಲಿ ಮಲ್ಲಬೈರೇಗೌಡ ಕಟ್ಟಿಸಿದನೆಂಬುದು ಪ್ರತೀತಿ. ಮುಂದೆ ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಅದು ಕಲ್ಲಿನ ಕೋಟೆಯಾಯಿತು. ಟಿಪ್ಪು ಹುಟ್ಟಿದ ಊರೂ ಅದೇ. 1791ರಲ್ಲಿ ಕಾರ್ನ್‌ವಾಲೀಸನ ಸೈನ್ಯ ಅದನ್ನು ವಶಪಡಿಸಿಕೊಂಡಿತು. ಆ ಕೋಟೆಯ ಒಳಗೆ ಇಂದಿಗೂ ಮನೆಗಳಿವೆ, ವೇಣುಗೋಪಾಲಸ್ವಾಮಿಯ ಗುಡಿಯಿದೆ, ಅಂಗಳದಲ್ಲಿ ಆಡುವ ಮಕ್ಕಳಿದ್ದಾರೆ. ನೋಡಲು ಹೋದವರು ಜನರ ಮನೆಬಾಗಿಲಲ್ಲಿ ನಡೆಯುತ್ತಿದ್ದೇವೆಂಬ ಸಂಕೋಚವನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಮುಂದಿನ ನಿಲ್ದಾಣ ಆವತಿ. ಯಲಹಂಕ ಪ್ರಭುಗಳ ವಂಶಮೂಲವನ್ನು ಪರಂಪರೆಯು ಈ ಚಿಕ್ಕ ಊರಿಗೇ ಕೊಂಡೊಯ್ಯುತ್ತದೆ. ಅಲ್ಲಿಂದ ಮುಂದೆ ನಂದಿ ಹಾಲ್ಟ್‌ನಲ್ಲಿ ಇಳಿದರೆ ನಂದಿಗ್ರಾಮದ ಭೋಗನಂದೀಶ್ವರ ದೇವಾಲಯ ನಡೆದು ಹೋಗುವಷ್ಟು ಹತ್ತಿರ. ಇದನ್ನು ಕುರಿತ ಮೊದಲ ಶಾಸನ ನೊಳಂಬರ ಕಾಲದ್ದು, ಕ್ರಿ.ಶ. 806ರದು. ಆ ಬಳಿಕ ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಸೇರಿಸುತ್ತ ಹೋದರು. ಅರುಣಾಚಲೇಶ್ವರ ಮತ್ತು ಭೋಗನಂದೀಶ್ವರ ಗುಡಿಗಳ ನಡುವೆ ಉಮಾಮಹೇಶ್ವರನ ಸಣ್ಣ ಗುಡಿ, ಅದರ ಮುಂದೆ ಕರಿಗಲ್ಲಿನ ಕಲ್ಯಾಣಮಂಟಪ, ಪಕ್ಕದಲ್ಲಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ ಶೃಂಗಿತೀರ್ಥವೆಂಬ ಕಲ್ಯಾಣಿ. ದಕ್ಷಿಣ ಪಿನಾಕಿನಿ ಹುಟ್ಟುವುದು ಇಲ್ಲಿಯೇ ಎಂಬುದು ಜನರ ನಂಬಿಕೆ. ನಂಬಿಕೆಯ ಹಿಂದೆ ಭೂಗೋಳದ ಸತ್ಯವಿದೆ. 1478 ಮೀಟರ್ ಎತ್ತರದ ನಂದಿಬೆಟ್ಟ ಹಾಗೂ ಅದರ ಸುತ್ತಲಿನ ಗಿರಿಸಾಲು ಅರ್ಕಾವತಿ, ಪಾಲಾರ್, ಚಿತ್ರಾವತಿ ಹಾಗೂ ಉತ್ತರ, ದಕ್ಷಿಣ ಪಿನಾಕಿನಿಗಳ ಉಗಮಪ್ರದೇಶ. ಬೆಂಗಳೂರಿಗೆ ಕೊಳವೆಯ ಮೂಲಕ ಮೊದಲು ನೀರು ಬಂದುದು 1890ರ ದಶಕದಲ್ಲಿ, ಅರ್ಕಾವತಿಗೆ ಕಟ್ಟಿದ ಹೆಸರಘಟ್ಟದಿಂದ.

ದಾರಿಯುದ್ದಕ್ಕೂ ನಾಲಿಗೆಗೂ ಪಾಠವಿದೆ. ದೇವನಹಳ್ಳಿಯ ಚಕ್ಕೋತ, ಬೆಂಗಳೂರು ನೀಲಿ ದ್ರಾಕ್ಷಿ, ಗುಲಾಬಿ ಈರುಳ್ಳಿ ಈ ಮೂರೂ ಆ ಸೀಮೆಯ ಮಣ್ಣು ಹವೆಗಳಿಗೆ ಒಗ್ಗಿ ಭೌಗೋಳಿಕ ಮಾನ್ಯತೆ ಪಡೆದ ಬೆಳೆಗಳು. ನಾಲ್ಕುನೂರು ವರ್ಷದ ಕಂಬವನ್ನು ಬೆರಗಿನಿಂದ ನೋಡುವವರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ಚಕ್ಕೋತದ ಮರವನ್ನೂ ಹಾಗೆಯೇ ನೋಡಬೇಕು. ಕಂಬ ಬಿದ್ದರೆ ಎತ್ತಿ ನಿಲ್ಲಿಸಬಹುದು. ತಳಿ ಹೋದರೆ ಹೋಯಿತು.

ಹಿಮ್ಮುಖವಾಗಿ ಹರಿಯುವ ನೀರು

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ಕಾರ್ಯಾರಂಭ ಮಾಡಿದ ಮೇಲೆ ಅಲ್ಲಿಯ ಭೂಮಿಯ ಬೆಲೆಯೊಡನೆ ಬದುಕೂ ಬದಲಾಯಿತು. ದ್ರಾಕ್ಷಿಯ ಚಪ್ಪರಗಳು ಬಡಾವಣೆಗಳಾದವು. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1777 ಎಕರೆ ಭೂಮಿಯನ್ನು ಕೈಗಾರಿಕೆಗೆ ಸ್ವಾಧೀನಪಡಿಸಿಕೊಳ್ಳುವ ಯೋಜನೆಯ ವಿರುದ್ಧ ರೈತರು 2022ರಲ್ಲಿ ಧರಣಿಗೆ ಕುಳಿತರು. ಸಾವಿರಕ್ಕೂ ಹೆಚ್ಚು ದಿನ ನಡೆದ ಹೋರಾಟದ ತರುವಾಯ, 2025ರ ಜುಲೈ 15ರಂದು ಸರ್ಕಾರ ಸ್ವಾಧೀನವನ್ನು ಕೈಬಿಡುವುದಾಗಿ ಪ್ರಕಟಿಸಿತು. ಕೋಟೆಯ ನೆರಳಿನಲ್ಲಿ ನಡೆದ ಈ ಹೋರಾಟವೂ ಆ ಊರಿನ ಚರಿತ್ರೆಯೇ ಆಗಿದೆ. ದೇವನಹಳ್ಳಿಗೆ ಹೋಗುವ ವಿದ್ಯಾರ್ಥಿಗಳು 1791ರ ಮುತ್ತಿಗೆಯನ್ನು ಕೇಳಿ ತಿಳಿಯುವಂತೆ ಇದನ್ನೂ ಕೇಳಿ ತಿಳಿಯಬೇಕು.

ಇನ್ನು ನೀರಿನ ಮಾತು. ಹೆಬ್ಬಾಳದ ಕಣಿವೆಯ ನೀರು ನಾಗವಾರವನ್ನು ಹಾದು, ಎಲೆಮಲ್ಲಪ್ಪಶೆಟ್ಟಿ ಕೆರೆಯ ಮೂಲಕ ದಕ್ಷಿಣ ಪಿನಾಕಿನಿಯನ್ನು ಸೇರುವುದು ನಿಸರ್ಗದ ನಿಯಮ. ಪಿನಾಕಿನಿಯಾದರೋ ನಂದಿಯ ಕಡೆಯಿಂದ ಇಳಿದು ಬರುವ ನದಿ. ಆದರೆ ಮೇಲಿನ ಕೆರೆಗಳು ಬತ್ತಿದವು, ಕೊಳವೆಬಾವಿಗಳು ಪಾತಾಳಕ್ಕಿಳಿದವು, ನಗರದಲ್ಲಿ ಮಾತ್ರ ಕೊಳಚೆ ತುಂಬಿ ಹರಿಯಿತು. ಆಗ ಹೆಬ್ಬಾಳ-ನಾಗವಾರ ಕಣಿವೆ ಯೋಜನೆ ಬಂದಿತು. ನಗರದ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 210 ದಶಲಕ್ಷ ಲೀಟರಿನಂತೆ ಮೇಲಕ್ಕೆತ್ತಿ, ಬೆಂಗಳೂರು ನಗರ, ಬೆಂಗಳೂರು ಗ್ರಾಮಾಂತರ ಹಾಗೂ ಚಿಕ್ಕಬಳ್ಳಾಪುರ ಜಿಲ್ಲೆಗಳ 65 ಕೆರೆಗಳನ್ನು ತುಂಬಿಸುವುದು ಅದರ ಉದ್ದೇಶ. ನದಿಯ ಉಗಮದ ನೆರೆಹೊರೆಗೆ ನಗರದ ಬಚ್ಚಲ ನೀರು ಯಂತ್ರಬಲದಿಂದ ಏರಿಹೋಗುತ್ತಿದೆ.

ಅಂತರ್ಜಲ ಏರಿದುದರಿಂದ ರೈತರಿಗೆ ಒದಗಿದ ಅನುಕೂಲವನ್ನು ನಾನು ಅಲ್ಲಗಳೆಯುವುದಿಲ್ಲ. ಒಣಗಿದ ಕೆರೆಯ ಮುಂದೆ ಕುಳಿತವನಿಗೆ ಆದರ್ಶವನ್ನು ಬೋಧಿಸುವುದು ಸಲ್ಲದು. ಆದರೆ ಮೂರನೆಯ ಹಂತದ ಶುದ್ಧೀಕರಣವಾಗಬೇಕೆಂಬ ಅಲ್ಲಿಯ ಜನರ ಬೇಡಿಕೆ ನ್ಯಾಯವಾದುದು. ಎರಡನೆಯ ಹಂತದಲ್ಲಿ ಕೊಳೆಯುವ ವಸ್ತು ಬಹುಮಟ್ಟಿಗೆ ಕಳೆಯುತ್ತದೆ. ಸಾರಜನಕ, ರಂಜಕ, ರೋಗಾಣು, ಭಾರಲೋಹಗಳ ಅಂಶ ಪೂರ್ಣವಾಗಿ ಕಳೆಯುವುದಿಲ್ಲ. ಮಣ್ಣು ತನಗೆ ಕೊಟ್ಟುದನ್ನೆಲ್ಲ ಲೆಕ್ಕವಿಟ್ಟುಕೊಳ್ಳುತ್ತದೆ. ಅಲ್ಲಿಯ ಕೆರೆಯ ನೀರು, ಮಣ್ಣು, ಸೊಪ್ಪುತರಕಾರಿಗಳ ಪರೀಕ್ಷೆ ನಿಯತವಾಗಿ ನಡೆಯಬೇಕು, ಫಲಿತಾಂಶಗಳನ್ನು ಪಂಚಾಯಿತಿಯ ಗೋಡೆಯ ಮೇಲೆ ಎಲ್ಲರೂ ಓದುವಂತೆ ಬರೆಯಬೇಕು.

ಬೆಟ್ಟಕ್ಕೆ ಬಂದ ಜನಜಾತ್ರೆ

ನಂದಿಬೆಟ್ಟದ ಮೇಲೆ ಸೂರ್ಯೋದಯ ನೋಡಲು ಶನಿವಾರ ಭಾನುವಾರಗಳಂದು ನಸುಕಿನಲ್ಲೇ ವಾಹನಗಳ ಸಾಲು ನಿಲ್ಲುತ್ತದೆ. 2021ರ ಆಗಸ್ಟ್ ತಿಂಗಳ ಮಳೆಗೆ ಬೆಟ್ಟದ ರಸ್ತೆ ಕುಸಿದು ಮೂರು ತಿಂಗಳಿಗೂ ಮಿಕ್ಕಿ ಪ್ರವೇಶ ನಿಂತಿತು. 2023ರಲ್ಲಿ ರೋಪ್‌ವೇಗೆ ಶಂಕುಸ್ಥಾಪನೆಯಾಯಿತು. ಬೆಟ್ಟದ ಬುಡದಲ್ಲಿರುವ ಸಾವಿರದ ಇನ್ನೂರು ವರ್ಷಗಳ ದೇವಾಲಯವನ್ನು ನೋಡದೆ ಮೇಲೇರಿ, ಚಿತ್ರ ತೆಗೆದು, ಬಾಟಲಿ ಎಸೆದು ಇಳಿದುಹೋಗುವವರೇ ಹೆಚ್ಚು.

ಇದು ದೂರದ ಮಾತಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರಪರ್ವತಕ್ಕೆ ನುಗ್ಗಿದ ಸಾವಿರಾರು ಮಂದಿಯ ಚಿತ್ರಗಳನ್ನು ನೀವೂ ಕಂಡಿದ್ದೀರಿ. ಅರಣ್ಯ ಇಲಾಖೆ ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಆಗ ತಾತ್ಕಾಲಿಕವಾಗಿ ನಿಲ್ಲಿಸಿತು, ಅದೇ ವರ್ಷದ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ವೆಂಬ ಜಾಲತಾಣವನ್ನು ತೆರೆಯಿತು. ಮಿತಿಯನ್ನು ಇಲಾಖೆ ಹೇರಿತು, ಸಂತೋಷ. ಆದರೆ ಅರಣ್ಯದ ಗಡಿಯ ಹೊರಗಿರುವ ನಮ್ಮ ಊರುಗಳಿಗೆ ಮಿತಿಯನ್ನು ಹಾಕುವವರು ಯಾರು? ಇಕ್ಕೇರಿಯ ಗುಡಿಗೆ, ನಗರದ ಕೋಟೆಗೆ, ಕವಲೇದುರ್ಗದ ಕಲ್ಲುಹಾಸಿನ ದಾರಿಗೆ ಬರುವವರ ಸಂಖ್ಯೆ ಬೆಳೆಯುತ್ತಿದೆ. ದಾರಿಬದಿಯ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ನಮ್ಮಲ್ಲಿ ಊರೂರಿಗೂ ಇವೆ. ಅವುಗಳ ಪಕ್ಕದಲ್ಲೇ ಕಾನು, ಸೊಪ್ಪಿನಬೆಟ್ಟ, ಅಬ್ಬಿಯ ನೀರು ಇವೆ. ಕಲ್ಲನ್ನು ತೋರಿಸಲು ರಸ್ತೆ ಅಗಲಿಸಿ, ಅಬ್ಬಿಯ ಮೇಲೆ ವಾಹನ ನಿಲ್ಲಿಸಲು ಜಾಗ ಮಾಡಿದರೆ, ಕಲ್ಲು ಉಳಿದೀತು, ಊರಿನ ನೀರು ಉಳಿಯದು. ಹೆಬ್ಬಾಳದಲ್ಲಿ ಆದುದು ಅದೇ. ಕಿತ್ತಯ್ಯನ ಕಲ್ಲು ನಮಗೆ ಮರಳಿ ಸಿಕ್ಕಿತು. ಅವನು ಕಾದ ನಾಡಿನ ಹೊಲಗದ್ದೆ ಮರಳಿ ಸಿಗುವುದಿಲ್ಲ.

ಪ್ರವಾಸಿಗರು ಬರುವುದೇ ಬೇಡವೆಂದು ನಾನು ಹೇಳುವುದಿಲ್ಲ. ಅಡಿಕೆಯ ಧಾರಣೆಯನ್ನೇ ನಂಬಿ ಕುಳಿತ ಮನೆಗೆ ಒಂದು ರಾತ್ರಿ ತಂಗುವ ಅತಿಥಿಯ ಹಣವೂ ಆಸರೆಯಾಗುತ್ತದೆಂಬುದನ್ನು ಬಲ್ಲೆ. ಎಷ್ಟು ಮಂದಿ, ಯಾವ ದಾರಿಯಲ್ಲಿ, ಯಾವ ತಿಂಗಳಲ್ಲಿ ಎಂಬುದನ್ನು ಊರು ನಿರ್ಧರಿಸಬೇಕು ಎಂಬುದಷ್ಟೇ ನನ್ನ ವಾದ.

ನಾವು ಮಾಡಬಹುದಾದ ಕೆಲಸ

ವಿದ್ಯಾರ್ಥಿ ಮಿತ್ರರಲ್ಲಿ ಮೊದಲ ವಿನಂತಿ. ಚಾರಣಕ್ಕೆ ಹೊರಡುವಾಗ ಚೀಲದಲ್ಲಿ ಒಂದು ಟಿಪ್ಪಣಿ ಪುಸ್ತಕವಿರಲಿ. ಕಲ್ಲನ್ನು ಕಂಡಲ್ಲಿ, ಅದು ಎಲ್ಲಿದೆ, ಯಾವ ಸ್ಥಿತಿಯಲ್ಲಿದೆ, ಹತ್ತಿರದ ಕೆರೆ ಅಥವಾ ಹಳ್ಳ ಯಾವುದು, ಅದರಲ್ಲಿ ಈಗ ನೀರಿದೆಯೇ, ಅದರ ಕೆಳಗೆ ಏನು ಬೆಳೆಯುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಅಕ್ಷರ ಕಾಣಲೆಂದು ಸುಣ್ಣವನ್ನೋ ಎಣ್ಣೆಯನ್ನೋ ಬಳಿಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆಬಿಸಿಲಿನಲ್ಲಿ ಅಕ್ಷರಗಳು ತಾವಾಗಿಯೇ ಎದ್ದು ಕಾಣುತ್ತವೆ. ಊರವರು ಪೂಜಿಸುವ ಕಲ್ಲಾದರೆ ಮೊದಲು ಅವರನ್ನು ಕೇಳಿ. ಅಲ್ಲಿಯ ಖಾನಾವಳಿಯಲ್ಲಿ ಉಣ್ಣಿ, ಅಲ್ಲಿಯ ಹಣ್ಣನ್ನು ಕೊಳ್ಳಿ, ತಂದ ಕಸವನ್ನು ಮರಳಿ ತನ್ನಿ.

ಊರಿನ ಹಿರಿಯರಲ್ಲಿ ಎರಡನೆಯ ವಿನಂತಿ. 2002ರ ಜೀವವೈವಿಧ್ಯ ಕಾಯ್ದೆಯ ಮೇರೆಗೆ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿಯಿರಬೇಕು, ಜನತಾ ಜೀವವೈವಿಧ್ಯ ದಾಖಲಾತಿಯಿರಬೇಕು. ಬಹಳ ಕಡೆ ಅದು ಕಡತದಲ್ಲಿ ಮಲಗಿದೆ. ಅದನ್ನು ಎಬ್ಬಿಸೋಣ. ಗಿಡಮರ, ತಳಿಗಳ ಪಟ್ಟಿಯ ಜೊತೆಯಲ್ಲಿ ನಮ್ಮ ಊರಿನ ವೀರಗಲ್ಲು, ಹಳೆಯ ಕೆರೆ, ಬಾವಿ, ತೂಬು, ದೇವರಕಾಡುಗಳ ವಿವರವನ್ನೂ ಬರೆಯೋಣ. ನಕ್ಷೆಯ ಮೇಲೆ ಗುರುತಿಸಿ ಗ್ರಾಮಸಭೆಯಲ್ಲಿ ಓದಿ ಹೇಳೋಣ. ಕೇಂದ್ರ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯವನ್ನೂ, ಅದರಾಚೆಗೆ 200 ಮೀಟರ್ ನಿಯಂತ್ರಿತ ವಲಯವನ್ನೂ 2010ರ ತಿದ್ದುಪಡಿ ವಿಧಿಸಿದೆ. ಆದರೆ ನಮ್ಮ ಹೆಚ್ಚಿನ ಕಲ್ಲುಗಳು ಯಾವ ಪಟ್ಟಿಯಲ್ಲೂ ಇಲ್ಲ. ಪಟ್ಟಿಯಲ್ಲಿಲ್ಲದ ಕಲ್ಲಿಗೆ ಊರಿನ ನೆನಪೇ ರಕ್ಷಣೆ.

ಮೂರನೆಯದು, ಕೆರೆಯ ವಿಚಾರ. ಬಿತ್ತುವಟ್ಟವೆಂಬ ಪದವನ್ನು ಮರಳಿ ಬಳಕೆಗೆ ತರೋಣ. ಅತಿಥಿಗಳಿಂದ ಬರುವ ಆದಾಯದಲ್ಲಿ ಒಂದು ಸಣ್ಣ ಪಾಲನ್ನು, ತಂಗುಮನೆ ನಡೆಸುವವರೆಲ್ಲ ಒಪ್ಪಿ, ಊರಿನ ಕೆರೆಗೆ ತೆಗೆದಿಡಲಿ. ಸಾವಿರ ವರ್ಷಗಳ ಹಿಂದಿನವರು ಕಲ್ಲಿನಲ್ಲಿ ಕೆತ್ತಿಸಿದ ಈ ಏರ್ಪಾಟಿಗೆ ಯಾವ ಇಲಾಖೆಯ ಅನುಮತಿಯೂ ಬೇಕಾಗಿಲ್ಲ.

ಮುಂದಿನ ಮಳೆಗಾಲ ಬರುವುದರೊಳಗೆ ಈ ಶಿಬಿರದಲ್ಲಿರುವ ಪ್ರತಿ ತಂಡವೂ ತನ್ನ ಊರಿನ ಒಂದು ಕೆರೆ, ಒಂದು ಕಲ್ಲಿನ ದಾಖಲೆಯನ್ನು ಮುಗಿಸಿ ಒಕ್ಕೂಟಕ್ಕೆ ಒಪ್ಪಿಸಬೇಕೆಂದು ಕೋರುತ್ತೇನೆ. ದಾಖಲೆಗೆ ಬೇಕಾದ ಮಣ್ಣು, ನೀರಿನ ಪರೀಕ್ಷೆಯ ವಿಧಾನವನ್ನು ನಾಳೆ ಬೆಳಿಗ್ಗೆ ಹಳ್ಳದ ದಂಡೆಯಲ್ಲಿ ನಾನೇ ತೋರಿಸಿಕೊಡುತ್ತೇನೆ. ಎಲ್ಲರೂ ಬನ್ನಿ.